ಹಿಕ್ಕೆ ಲೆಕ್ಕ

ಬೆಳಗಿನ ನಾಲ್ಕಕ್ಕೆ ಲೈಟು ಹಾಕಿ
ಮೊದಲು ನೋಡುವುದು ದೇವರ ಪಟವನ್ನಲ್ಲ,
ಬಚ್ಚಲ ಪಕ್ಕದ ತಟ್ಟೆಯನ್ನು.
ಎಷ್ಟು ಹಾಕಿದ್ದಾನೆ, ದುಂಡಗಿವೆಯೇ,
ಒಣಹುಲ್ಲಿನ ಬಣ್ಣವೇ, ಇಲ್ಲ ಕರ್ರಗೆ
ಮೆಣಸಿನ ಕಾಳಿನಷ್ಟಕ್ಕೆ ಕುಗ್ಗಿವೆಯೇ.
ಒಂದನ್ನು ಹಿಸುಕಿ ನೋಡುತ್ತೇನೆ:
ಪುಡಿಯಾಗಿ ನಾರು ನಾರು ಉದುರಿದರೆ
ಆ ದಿನ ಒಳ್ಳೆಯದು.
ಶುಕ್ರವಾರ ನೂರಾ ಹತ್ತು,
ಗುರುವಾರಕ್ಕಿಂತ ಮೂವತ್ತು ಕಮ್ಮಿ.
ಹಳೇ ವೇಬಿಲ್ಲಿನ ಬೆನ್ನಿಗೆ ಬರೆದಿಟ್ಟೆ.
ಎಣಿಸುವುದು ನನ್ನ ಕಸುಬು ತಾನೆ.

ಒಂಬತ್ತು ವರ್ಷದ ಹಿಂದೆ, ಕೊನೇ ಟ್ರಿಪ್ಪಿನಲ್ಲಿ
ಹಿಂದಿನ ಸೀಟಿನ ಕೆಳಗೆ ಒಂದು ಶೂ ಡಬ್ಬ.
ಯಾರದೆಂದು ಕೂಗಿದೆ; ಬಸ್ಸು ಖಾಲಿ.
'ಜೀವ ಇರೋದನ್ನ ರಿಜಿಸ್ಟರಿಗೆ ಬರ್ಕೊಳಲ್ಲ'
ಎಂದರು ಡಿಪೋದ ಚನ್ನವೀರಪ್ಪ.
ಕೊಡೆಗಳು, ಟಿಫಿನ್ ಕ್ಯಾರಿಯರು, ಯಾರದೋ ಹಲ್ಲಿನ ಸೆಟ್ಟು
ಅಲ್ಲೇ ಉಳಿದವು; ಇವನು ನನ್ನ ಜೊತೆ ಮತ್ತಿಕೆರೆಗೆ ಬಂದ.
ಬಿಳಿ, ಹಗುರ. ಮಂಡಕ್ಕಿ ಎಂದು ಕರೆದೆ.
ಮಂಡಕ್ಕಿಯನ್ನು ಮಾತ್ರ ಅವನು ತಿನ್ನುವಂತಿಲ್ಲ.

ಹೆಬ್ಬಾಳದ ಡಾಕ್ಟರ್ ಬೊಳ್ಳಮ್ಮ
ದವಡೆಗೆ ದೀಪ ಹಿಡಿದು ಹೇಳಿದ್ದು:
ವಯಸ್ಸಾಯ್ತು. ಹುಲ್ಲೇ ಅನ್ನ, ಉಳಿದದ್ದೆಲ್ಲ ಉಪ್ಪಿನಕಾಯಿ.
ಕುದುರೆಮೆಂತೆ ಮರಿಗಳಿಗೆ, ಮುದುಕರಿಗೆ ಬೇಡ, ಸುಣ್ಣ ಜಾಸ್ತಿ.
ಎದುರುಮನೆ ಜುಬೇದಾ ಪ್ರೀತಿಯಿಂದ ತರುವ ಕ್ಯಾರೆಟ್ಟು
ಅವನ ಹೊಟ್ಟೆಗೆ ಮೈಸೂರುಪಾಕು ಇದ್ದಂತೆ.
ಅವಳಿಗೆ ಹೇಗೆ ಹೇಳಲಿ? ಬಾಗಿಲು ಹಾಕಿಕೊಂಡು
ನಾನೇ ತಿನ್ನುತ್ತೇನೆ.

ಇನ್ನೊಂದು ಗೊತ್ತಾಯಿತು: ಮೊಲಕ್ಕೆ ವಾಂತಿ ಬರುವುದಿಲ್ಲ.
ಒಳಗೆ ಹೋದದ್ದಕ್ಕೆ ಒನ್‌ವೇ.
ಹಿಂದಕ್ಕೆ ಬರುವ ಹಾಗಿಲ್ಲ,
ನಡುವೆ ನಿಲ್ಲುವ ಹಾಗಂತೂ ಇಲ್ಲವೇ ಇಲ್ಲ.

'ನೀರೆಷ್ಟು ಕುಡೀತಾನೆ?'
ಮಿಲಿಲೀಟರಿನಲ್ಲಿ ಹೇಳಿದೆ.
ನನ್ನನ್ನು ಕೇಳಿದ್ದರೆ? ಮೆಜೆಸ್ಟಿಕ್ಕಿಗೆ
ಮೂರು ಸಲ ಹೋಗಿಬರುವ ತನಕ
ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ.
ಕುಡಿದರೆ ಇಳಿಯಬೇಕು. ಇಳಿದು ಹೋಗುವುದೆಲ್ಲಿಗೆ?
ಅವರು ಕೇಳಲಿಲ್ಲ.

ಭಾನುವಾರ ತಟ್ಟೆ ಖಾಲಿ.
ಕೊತ್ತಂಬರಿ ಮುಟ್ಟದೆ ಬಾಡಿತ್ತು. ಮೂಲೆಯಲ್ಲಿ
ಮುದುಡಿ ಕೂತು ಹಲ್ಲು ಕಡಿಯುತ್ತಿದ್ದ,
ಕಲ್ಲುಸಕ್ಕರೆ ಅರೆದ ಹಾಗೆ ಸದ್ದು.
ಹೊಟ್ಟೆಗೆ ಕಿವಿಯಿಟ್ಟೆ. ಸದಾ ಗುಡುಗುಡು ಅನ್ನುವುದು
ಮುಷ್ಕರದ ದಿನದ ಡಿಪೋ ಹಾಗೆ ಸುಮ್ಮನಿತ್ತು.
ಆಟೋ, ಆಸ್ಪತ್ರೆ, ಸೂಜಿ, ಗ್ಯಾಸಿನ ಹನಿ.
ಆಮೇಲೆ ಮನೆಯಲ್ಲಿ ಎರಡು ಗಂಟೆಗೊಮ್ಮೆ
ಸಿರಿಂಜಿನಲ್ಲಿ ಹುಲ್ಲುಪುಡಿಯ ಗಂಜಿ,
ಅರ್ಧ ಬಾಯಿಗೆ, ಅರ್ಧ ನನ್ನ ಸೀರೆಗೆ.
ತೊಡೆಯ ಮೇಲೆ ಮಲಗಿಸಿಕೊಂಡು
ಎರಡು ಬೆರಳಲ್ಲಿ ಹೊಟ್ಟೆ ನೀವುತ್ತಿದ್ದಾಗ
ರಾತ್ರಿ ಮೂರರ ಹೊತ್ತಿಗೆ ಬಾಯಿಗೆ ಬಂದದ್ದು ಜೋಗುಳವಲ್ಲ:
'ಮುಂದೆ ಹೋಗಿ, ಮುಂದೆ ಹೋಗಿ,
ಮುಂದೆ ಜಾಗ ಐತೆ, ಬಾಗಿಲಲ್ಲಿ ನಿಲ್ಬೇಡಿ.'

ನಾಲ್ಕೂಕಾಲಿಗೆ ಏಳು ಕಾಳು.
ಕೂದಲಿನಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡು.
ಅಂಗೈಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಎಣಿಸಿದೆ,
ಚಿಲ್ಲರೆ ಸರಿಯಿದೆಯೇ ಎಂಬಂತೆ.

ಸೊಂಟ ಬಗ್ಗದು ಈಗ ಅವನಿಗೆ.
ರಾತ್ರಿಯ ಮೆತ್ತನೆ ಹಿಕ್ಕೆ, ದ್ರಾಕ್ಷಿಗೊಂಚಲಿನಂಥದು,
ತಾನೇ ಬಾಗಿ ತಿನ್ನಬೇಕಾದ್ದು (ಅದರಲ್ಲೇ ಸತ್ವವಂತೆ)
ಹಿಂದೆಯೇ ಅಂಟಿ ಉಳಿಯುತ್ತದೆ.
ಚಮಚದಲ್ಲಿ ತೆಗೆದು ಮೂತಿಗೆ ಹಿಡಿಯುತ್ತೇನೆ.
'ಥೂ, ಅಸಹ್ಯ' ಎಂದಳು ತಂಗಿ ಪಂಕಜಾಕ್ಷಿ.
ಹದಿನಾಲ್ಕು ವರ್ಷ ರಷ್ಷಿನಲ್ಲಿ ನಿಂತವಳಿಗೆ
ಅಸಹ್ಯ ಯಾವುದೆಂದು ಹೇಳಿಕೊಡಬೇಡ, ಅಂದೆ.

ಇವತ್ತು ಎಪ್ಪತ್ತೆರಡು. ಬರೆದಿಟ್ಟೆ.
ಹುಲ್ಲು ಕೊಡವಿ ಹಾಕಿ, ಬಟ್ಟಲಿಗೆ ನೀರು ತುಂಬಿ
ಬ್ಯಾಗು ಹೆಗಲಿಗೇರಿಸಿದೆ.
ಹೊಸ್ತಿಲಲ್ಲಿ ನಿಂತು ನನ್ನ ಬಾಟಲಿಯಿಂದಲೂ
ಎರಡು ಗುಟುಕು ಕುಡಿದೆ.
ಮೊದಲ ಟ್ರಿಪ್ಪು ಐದೂ ಹತ್ತಕ್ಕೆ. ನೋಡೋಣ.