ಕೂಗಿನ ಹಕ್ಕು

ರಾತ್ರಿ ಹನ್ನೊಂದಾದ ಮೇಲೆ ಒಂಬತ್ತನೇ ಮಹಡಿ ನನ್ನದು.
ಬಕೆಟ್ಟು, ಮಾಪು, ನೀಲಿ ಕೈಗವಸು,
ಯಾರೋ ಅರ್ಧ ಕುಡಿದಿಟ್ಟ ಕಾಫಿ ಲೋಟಗಳು.
ಗಾಜಿನ ಕೋಣೆಯ ಬಿಳಿ ಹಲಗೆಗೆ ಮಾತ್ರ
ಒರೆಸಬೇಡಿ ಅಂತ ಚೀಟಿ.
ಒರೆಸುವುದಿಲ್ಲ. ಓದುತ್ತೇನೆ.

ಅಮೆರಿಕಕ್ಕೆ ಒಂದು ಸಾಲು, ನಾರ್ವೆಗೆ ಒಂದು ಸಾಲು.
ನಾರ್ವೆಯ ದುಡ್ಡನ್ನು ತಲೆಗಿಷ್ಟು ಅಂತ ಭಾಗಿಸಿ
ಪಕ್ಕದಲ್ಲಿ ಕೆಂಪು ಶಾಯಿಯ ನಗುಮುಖ.
ಥಾಯ್ಲೆಂಡಿನ ಮುಂದೆ ಪ್ರಶ್ನಾರ್ಥಕ.
ಚೀನಾ: ಬರೆದು, ಹೊಡೆದು, ತಿದ್ದಿ, ಮತ್ತೆ ಹೊಡೆದು.
ಘಾನಾ ಎಲ್ಲಿ?
ಕೈಗವಸಿನ ಬೆರಳಿಟ್ಟು ಹುಡುಕಿದೆ.
ತಳದಲ್ಲಿತ್ತು: ಸಹಾರಾದ ಕೆಳಗೆ, ಎಲ್ಲ ಸೇರಿ.
ಅಷ್ಟೂ ದೇಶ, ಒಂದೇ ಗೋಣಿಚೀಲ.
ಸಂತೆ ಎದ್ದುಹೋಗುವ ಹೊತ್ತಿಗೆ ಅಮ್ಮ
ಉಳಿದ ಟೊಮೆಟೊ ಹೀಗೇ ಮಾರುತ್ತಿದ್ದಳು
ಎಣಿಸದೆ, ಸಗಟಾಗಿ,
ಕೊಳ್ಳುವವನ ಮುಖ ನೋಡದೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ.
ನನ್ನ ಬಾಡಿಗೆ ಕೋಣೆ ಇರುವುದು ಕ್ರೀಡಾಂಗಣದ ಬೆನ್ನಿಗೆ.
ಅಡುಗೆಕಟ್ಟೆಯ ಕಿಟಕಿಗೆ ದೀಪದ ಕಂಬ ಕಾಣುತ್ತದೆ,
ಚೆಂಡು ಕಾಣುವುದಿಲ್ಲ.
ಒಂದು ಟಿಕೆಟ್ಟಿಗೆ ಎರಡು ರಾತ್ರಿ ನೆಲ ಒರೆಸಬೇಕು.
ಟೀವಿಯಲ್ಲೋ, ಆ ಹೊತ್ತಿನ ಆಟ ಈ ದೇಶದಲ್ಲಿ ತೋರಿಸುವಂತಿಲ್ಲ.
ಜನ ಮೈದಾನ ಬಿಟ್ಟು ಸೋಫಾ ಹಿಡಿದಾರೆಂಬ
ಹಳೆಯ ಹೆದರಿಕೆ, ಹಳೆಯ ಕಟ್ಟಳೆ.
ಕೆಳಮನೆಯ ಕ್ಲಿಫರ್ಡ್‌ನ ಅಪ್ಪ
ಆ ಗೋಡೆಗೆ ಇಟ್ಟಿಗೆ ಹೊತ್ತವನು;
ಮಗನಿಗೀಗ ಎಪ್ಪತ್ತೊಂಬತ್ತು,
ರೇಡಿಯೊಗೆ ಕಿವಿ ಹಚ್ಚಿ ಕೂತಿರುತ್ತಾನೆ.
ದೀಪದ ಬುಡದಲ್ಲಿ ಕತ್ತಲೆ.
ಇಲ್ಲಿ ದೀಪ ನಾಲ್ಕು,
ಒಂದೊಂದೂ ಮಿನಾರಿನಷ್ಟು ಎತ್ತರ.

ಅತ್ತ ತಮಾಲೆಯಲ್ಲಿ ನನ್ನ ತಮ್ಮ ನಾಪಾರಿ
ತಗಡಿನ ಶೆಡ್ಡಿನ ಬೀಗ ತೆಗೆಯುತ್ತಾನೆ.
ಹಲಗೆ ಬೆಂಚು ಹದಿನಾರು, ಟೀವಿ ಎರಡು,
ಕರೆಂಟು ಹೋದರೆ ಕೆಮ್ಮುತ್ತಾ ಏಳುವ ಜನರೇಟರು.
ಬಾಗಿಲಲ್ಲಿ ಸೀಮೆಸುಣ್ಣದ ಅಕ್ಷರ: ಮೂರು ಗಂಟೆ, ಐದು ಸೆಡಿ.
ತಗಡಿನ ತೂತಿಗೆ ಕಣ್ಣಿಟ್ಟ ಹುಡುಗರಿಗೆ ಬಿಟ್ಟಿ.
ತೂತು ವಾರವಾರಕ್ಕೂ ದೊಡ್ಡದಾಗುತ್ತಿದೆ
ಅನ್ನುವುದು ಅವನ ತಕರಾರು.
ಚಳಿಗಾಲದಲ್ಲಿ ನಮ್ಮಿಬ್ಬರ ಗಡಿಯಾರ ಒಂದೇ.
ನನಗೆ ಮಂಜು, ಅವನಿಗೆ ಮರಳುಗಾಡಿನ ಧೂಳು,
ಇಬ್ಬರಿಗೂ ಮೂರು ಗಂಟೆ.

ಫೋನು ಕಿಟಕಿಯ ಅಂಚಿಗಿಟ್ಟು
ಅಲಸಂದೆ ಆರಿಸುತ್ತಿದ್ದೆ.
ಆಗ ಎದ್ದಿತು ಕೂಗು.
ಗಾಜು ಝಲ್ಲೆಂದಿತು,
ಪಾತ್ರೆಯ ನೀರಿನಲ್ಲಿ ಉಂಗುರ ಬಿದ್ದವು.
ಗೋಲು, ಅಂದೆ.
"ಎಲ್ಲಿ ಅಕ್ಕಾ? ಚೆಂಡು ಇನ್ನೂ ನಡುಮೈದಾನದಲ್ಲಿದೆ."
ಒಂದು, ಎರಡು, ಮೂರು,
ಏಳು ಅನ್ನುವಷ್ಟರಲ್ಲಿ
ಫೋನಿನೊಳಗೆ ಶೆಡ್ಡೇ ಎದ್ದು ನಿಂತಿತು,
ತಗಡಿನ ಮೇಲೆ ನೂರು ಮುಷ್ಟಿ.
ಕೋಟಿ ಕೊಟ್ಟು ಕೊಂಡ ಚಿತ್ರ
ಆಕಾಶ ಹತ್ತಿ ಇಳಿಯುವುದರೊಳಗೆ
ನನ್ನ ಒಂದು ಮಾತು
ಕಡಲ ತಳದಿಂದ ಹೋಗಿ ಮುಟ್ಟಿತ್ತು.

ಎರಡನೇ ಸಲ ಅವನು ನಂಬಿದ.
ಬೆಂಚು ಹತ್ತಿ ಸಾರಿದನಂತೆ: ಈಗ ನೋಡಿ, ಗೋಲು.
ಆಯಿತು.
ಮಲ್ಲಮ್ ಅಂದರು, ಕೈಗೆ ಕೋಲಾಕಾಯಿ ಇಟ್ಟರು.
ಬಸುರಿ ಹೆಂಡತಿಯ ಲಾರಿ ಡ್ರೈವರೊಬ್ಬ
ಗಂಡೋ ಹೆಣ್ಣೋ ಕೇಳಿದ.

ಮೂರನೇ ಸಲ ಕೂಗು ಇನ್ನೂ ಜೋರು.
ಗೋಲು ಅಂದೆ, ಅವನೂ ಅಂದ.
ಆಫ್‌ಸೈಡು.
ಕೂಗಿಗೆ ಬಾವುಟ ಕಾಣುವುದಿಲ್ಲವಲ್ಲ.
ಕಡಲೆಸಿಪ್ಪೆ ತೂರಿದರಂತೆ,
ಐದರಲ್ಲಿ ಎರಡು ಸೆಡಿ ವಾಪಸು ಕೇಳಿದರಂತೆ.
ಆಟದ್ದು ಮೂರು, ಭವಿಷ್ಯದ್ದು ಎರಡು.
ಲೆಕ್ಕ ಮಾಡಿದವರು ಯಾರೋ, ಜಾಣರು.
ಕೆಳಗಿನಿಂದ ಕ್ಲಿಫರ್ಡ್ ಕೋಲಲ್ಲಿ ಕುಟ್ಟುತ್ತಿದ್ದ:
ನನ್ನ ರೇಡಿಯೊ ಕೇಳಿಸುತ್ತಿಲ್ಲ, ವುಂಪಿನಿ!

ಸೋಮವಾರ ಹಲಗೆಯ ಅಂಕಿ ಬದಲಾಗಿದ್ದವು.
ನಗುಮುಖ ನಾರ್ವೆಯನ್ನು ಬಿಟ್ಟು ಥಾಯ್ಲೆಂಡಿಗೆ ಹೋಗಿತ್ತು.
ನಮ್ಮ ಚೀಲ ಹಳೆಯ ಬೆಲೆಗೇ ಕೂತಿತ್ತು.
ಕೂಗಿಗೆ ಎಲ್ಲೂ ಸಾಲಿರಲಿಲ್ಲ;
ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ.
ಲೋಟ ತೆಗೆದೆ, ನೆಲ ಒರೆಸಿದೆ,
ದೀಪ ಆರಿಸಿದೆ.

ಶನಿವಾರದೊಳಗೆ ಕಿಟಕಿಯ ತುಕ್ಕು ಕೀಲುಗಳಿಗೆ
ಒಂದಿಷ್ಟು ಎಣ್ಣೆ ಬಿಡಬೇಕು.
ಅರ್ಧಕ್ಕೇ ನಿಲ್ಲುತ್ತದೆ.