ಸೊನ್ನೆ ಪಾಯಿಂಟ್ ನಾಲ್ಕು

ಶಿಡ್ಲಘಟ್ಟದ ಟೈರ್ ಅಂಗಡಿ ಮೇಲಿನ ನಮ್ಮ ಆಫೀಸಿಗೆ
ಪ್ರತಿ ಮಾರ್ಚಿಗೆ ಒಂದು ಫಾರಂ ಬರುತ್ತದೆ.
ಹಣ ಕೊಡುವವರು ಒಳ್ಳೆಯವರು. ಕೇಳುವುದು ಇಷ್ಟೇ:
ಯಾವ ಕೆಲಸಕ್ಕೆ ಎಷ್ಟು ಮನುಷ್ಯರು,
ದಶಾಂಶದಲ್ಲಿ ಬರೆಯಿರಿ.

ಬರೆದೆ.
ಅಕ್ಕಯಮ್ಮ: ಉಸಿರಿನ ತಪಾಸಣೆಗೆ ಸೊನ್ನೆ ಪಾಯಿಂಟ್ ನಾಲ್ಕು,
ಬಿಸಿನೀರಲ್ಲಿ ಬೆಂದ ಕೈಗಳ ಮುಲಾಮಿಗೆ ಮೂರು,
ಮನೆಮನೆ ಮಾತಿಗೆ ಇನ್ನೊಂದು ಮೂರು.
ಕೂಡಿದರೆ ಒಂದು.
ಅಕ್ಕಯಮ್ಮ ಚಿಲ್ಲರೆ ಉಳಿಯದಂತೆ ಖರ್ಚಾದಳು.

ಬಸ್ಸಿಗೆ ಕಾಯುವ ಅಕ್ಕಯಮ್ಮ ಎಲ್ಲಿ?
ಸಾದಲಿಯಲ್ಲಿ ಯಾರೋ ಅತ್ತರೆ
ಟೀ ಆರಿ ಕೆನೆಗಟ್ಟುವವರೆಗೂ
ಪಕ್ಕದಲ್ಲಿ ಸುಮ್ಮನೆ ಕೂರುವವಳು?
ಅವಳಿಗೆ ಕಾಲಂ ಇಲ್ಲ.

ಜೀಪಿನ ಪಿಳ್ಳಪ್ಪ ಮನುಷ್ಯರ ಪಟ್ಟಿಯಲ್ಲೇ ಇಲ್ಲ,
ಡೀಸೆಲ್ ಜೊತೆ ಸಾರಿಗೆಯಲ್ಲಿದ್ದಾನೆ.
ಮುಬೀನಾ ಅರ್ಧ ದಿನದವಳು,
ಯಾವ ಅರ್ಧ ಎಂದು ಇವತ್ತಿನವರೆಗೆ
ಯಾರಿಗೂ ತಿಳಿದಿಲ್ಲ, ಅವಳಿಗೂ.

ನಲವತ್ತೆರಡು ಊರು. ನಾವು ಐದು ಜನ.
ನನ್ನ ಹೆಸರಿನ ಸಾಲು ಕೂಡಿದೆ: ಒಂದು ಪಾಯಿಂಟ್ ಏಳು.
ಒಂದೂಮುಕ್ಕಾಲಿಗೆ ಒಂಚೂರು ಕಮ್ಮಿ ಹೆಂಗಸು.
ಕುರ್ಚಿ ಮಾತ್ರ ಒಂದೇ.
"ಒಂದು ಅಂತ ಹಾಕ್ಬಿಡಿ ಮೇಡಂ," ಎಂದ ಲೆಕ್ಕದ ಗಂಗುಲಪ್ಪ,
"ಹೋದ್ಸಲಾನೂ ಹಂಗೇ ಹಾಕಿದ್ವಿ."
ಹಾಕಿದೆ.
ಏಳು ವರ್ಷದಿಂದ ಹಾಗೇ ಹಾಕುತ್ತಿದ್ದೇನೆ.

ಫ್ಲಾಸ್ಕು ತೊಳೆಯುತ್ತಾ ಮುಬೀನಾ ಹೇಳಿದಳು,
ಯಾರಿಗೆ ಹೇಳಿದಳೋ:
"ನಮ್ಮಪ್ಪನ ಬೇಸಿನ್‌ನಲ್ಲಿ ಎಂಟು ಗೂಡು ಸೇರಿ ಒಂದು ದಾರ.
ಒಂದು ಮುಗೀತು ಅಂದ್ರೆ ಥಟ್ಟಂತ ಇನ್ನೊಂದು ಹಾಕ್ಬೇಕು.
ಹಾಕದೆ ಹೋದ್ರೂ ದಾರ ಓಡ್ತಾನೇ ಇರುತ್ತೆ,
ಕಣ್ಣಿಗೆ ಕಾಣಲ್ಲ.
ಮಾರ್ಕೆಟ್ಟಲ್ಲಿ ಬೆರಳಿಗೆ ಗೊತ್ತಾಗುತ್ತೆ."

ಅವತ್ತು ಸಂಜೆ ಕರೆಂಟು ಹೋಗಿತ್ತು.
ಅಕ್ಕಯಮ್ಮ ಚೀಲದಿಂದ ಊದುವ ಕೊಳವೆ ತೆಗೆದಳು.
"ಜೋರಾಗಿ ಊದಮ್ಮ, ದೀಪ ಆರಿಸೋ ಹಂಗೆ"
ಎಂದು ಊರೂರಲ್ಲಿ ಹೇಳುವವಳು
ತಾನೇ ಊದಿದಳು, ಗೋಡೆ ಕಡೆ ತಿರುಗಿ.
ಮೊಬೈಲ್ ಬೆಳಕಲ್ಲಿ ನೋಡಿದೆ:
ಕೆಂಪು ಮುಳ್ಳು ನೂರಾ ತೊಂಬತ್ತರಲ್ಲಿ ನಿಂತಿದೆ.

"ಹದಿನಾಲ್ಕು ವರ್ಷ ನಾನೂ ಬೇಸಿನ್ ಮುಂದೆ ಕೂತವಳಲ್ವಾ,"
ಎಂದಳು, ಪಾತ್ರೆ ಸಾಮಾನಿನ ಲೆಕ್ಕ ಹೇಳುವ ದನಿಯಲ್ಲಿ.
ರಿಜಿಸ್ಟರ್ ತೆರೆದು ತನ್ನ ಹೆಸರು ಬರೆದಳು,
ವಯಸ್ಸು ಬರೆದಳು, ಊರು ಬರೆದಳು.
'ಮುಂದಿನ ಕ್ರಮ' ಎಂಬಲ್ಲಿ
ಎಲ್ಲರಿಗೂ ಬರೆಯುವುದನ್ನೇ ಬರೆದಳು: ವಿಶ್ರಾಂತಿ.
ಬರೆದು ನಕ್ಕಳು. ನಗು ಕೆಮ್ಮಾಯಿತು.

ನಿದ್ದೆ ಬರಲಿಲ್ಲ ಎಂದರೆ ಸುಳ್ಳು, ಬಂತು.
ಬೆಳಿಗ್ಗೆ ಎದ್ದವಳೇ ಫಾರಂ ಹರಿದೆ,
ಗಂಗುಲಪ್ಪನಿಂದ ಇನ್ನೊಂದು ಪ್ರತಿ ತೆಗೆಸಿದೆ.
ಅಕ್ಕಯಮ್ಮ ಸೊನ್ನೆ ಪಾಯಿಂಟ್ ಆರು, ಅಷ್ಟೇ,
ಸಂಬಳ ಮಾತ್ರ ಪೂರ್ತಿ.
ಪಿಳ್ಳಪ್ಪ ಒಂದು. ಮುಬೀನಾ ಒಂದು.
ನಾನು ಒಂದು, ಈ ಸಲ ನಿಜವಾಗಿ.
ಹಾಗಾದರೆ ಊರು ಇಪ್ಪತ್ತೊಂಬತ್ತು.

ಹದಿಮೂರು ಹೆಸರಿನ ಮೇಲೆ ಗೆರೆ ಎಳೆಯುವಾಗ
ಪೆನ್ನು ಎಲ್ಲೂ ನಿಲ್ಲಲಿಲ್ಲ. ಅದೇ ಬೇಜಾರು.
ದಿಬ್ಬೂರಹಳ್ಳಿ ಹತ್ತಿರ ಮಾತ್ರ
ಇಂಕು ಒಂಚೂರು ಹರಡಿತು.

"ಹೇಳೋರ್ಯಾರು ಅವರಿಗೆ?" ಎಂದ ಪಿಳ್ಳಪ್ಪ ಬಾಗಿಲಲ್ಲಿ ನಿಂತು.
"ಹೇಳದೆ ನಿಲ್ಲಿಸಿದ್ರೆ ಮಂಗಳವಾರ ಮಂಗಳವಾರ
ಬೇವಿನ ಮರದ ಕೆಳಗೆ ಕೂತಿರ್ತಾರೆ ಮೇಡಂ."

ಸರಿ. ಊರಿಗೊಂದು ದಿನ,
ಬೈಸಿಕೊಳ್ಳುವುದಕ್ಕೆ, ಟೀ ಬೇಡ ಎನ್ನಲಾಗದ್ದಕ್ಕೆ,
ಹಳೇ ಚೀಟಿಗಳನ್ನು ಒಬ್ಬೊಬ್ಬರ ಕೈಗೇ ಕೊಟ್ಟು ಬರುವುದಕ್ಕೆ.
ಫಾರಮ್ಮಿನ ಕೊನೆಗೆ ಸ್ಕೇಲಿಟ್ಟು ಒಂದು ಸಾಲು ಎಳೆದೆ.
ಕೆಲಸ: ಆಗುವುದಿಲ್ಲ ಎಂದು ಹೇಳಿಬರುವುದು.
ಯಾರು: ನಾನು.
ಎಷ್ಟು: ಸೊನ್ನೆ ಪಾಯಿಂಟ್ ಸೊನ್ನೆ ಐದು.

ಕೆಳಗೆ ಪಿಳ್ಳಪ್ಪ ಜೀಪು ಶುರುಮಾಡಿದ್ದ.
ಟೈರ್ ಅಂಗಡಿಯವನು ಗಾಳಿ ಹಿಡಿಯುತ್ತಿದ್ದ.