ಮೂರನೇ ನಂಬರಿನ ಮಷೀನು

ಸೊಹಾರ್. ಆಗಸ್ಟು. ಹನ್ನೆರಡೂವರೆಗೆ ಹೊರಗಿನ ಕೆಲಸ ಬಂದ್,
ಬಿಸಿಲಿನ ಕಾನೂನು.
ಶೆಡ್ಡಿನ ತಗಡು ಮಾತ್ರ ಟಿಣ್ ಟಿಣ್ಣೆಂದು ಹಿಗ್ಗುತ್ತಲೇ ಇದೆ.
ಮೊಫಿಜುಲ್ ತಳ್ಳಿಕೊಂಡು ಬಂದ
ಮೂರನೇ ನಂಬರಿನ ಹುಲ್ಲು ಕತ್ತರಿಸುವ ಮಷೀನನ್ನು,
ಕಾಯಿಲೆಯ ಆಡನ್ನು ದವಾಖಾನೆಗೆ ತಂದ ಹಾಗೆ.
“ಕೆಮ್ಮುತ್ತೆ, ಭಾಯ್.”

ಕೆಮ್ಮುತ್ತಿತ್ತು, ಹೌದು.
ಏರುವುದು, ಇಳಿಯುವುದು, ನಡುವೆ ಒಂದು ಫಟ್!
ಸೈಲೆನ್ಸರಿನಿಂದ ಬಂದದ್ದು ಹೊಗೆಯಲ್ಲ, ಬೈಗುಳ.

ಗದಗಿನ ಮುಳಗುಂದ ನಾಕಾದಲ್ಲಿ ದಾವಲಸಾಬ
ಪಂಪುಸೆಟ್ಟು ಬಿಚ್ಚುತ್ತ ಹೇಳುತ್ತಿದ್ದ:
“ಗಾಳಿ, ಎಣ್ಣಿ, ಕಿಡಿ. ಮೂರರಾಗ ಒಂದು ಸುಳ್ಳ ಹೇಳತೈತಿ.
ಒಂದೊಂದ ಕರದು ಕೇಳು. ಹೊಡೀಬ್ಯಾಡ.”

ಮೊದಲು ಗಾಳಿಯನ್ನು ಕರೆದೆ.
ಫಿಲ್ಟರಿನ ಸ್ಪಂಜು ಕೊಡವಿದರೆ ಅರ್ಧ ಮುಷ್ಟಿ ಮರಳು.
ಒಳನಾಡಿನ ಮರುಭೂಮಿಯದೋ, ಪಕ್ಕದ ಹೊಸ ಕಟ್ಟಡದ್ದೋ,
ಮರಳು ತನ್ನ ಊರು ಹೇಳುವುದಿಲ್ಲ.
ತೊಳೆದು ಒಣಹಾಕಿದೆ. ಸಮುದ್ರದ ಸೆಕೆಗೆ
ಅದೂ ನಮ್ಮಂತೆ ಬೆವರುತ್ತ ಕೂತಿತು.

ಎಣ್ಣೆಯ ಸರದಿ. ಕಾರ್ಬೊರೇಟರಿನ ಬಟ್ಟಲು ಕಳಚಿ
ಚಹಾದ ಗಾಜಿನ ಲೋಟಕ್ಕೆ ಸುರಿದು ಬೆಳಕಿಗೆ ಹಿಡಿದೆ:
ತಳದಲ್ಲಿ ಬಟಾಣಿ ಗಾತ್ರದ ನೀರಿನ ಗುಂಡು,
ಯಾರದೋ ಮದುವೆಗೆ ಬಂದವನಂತೆ
ಪೆಟ್ರೋಲಿನ ಜೊತೆ ಬೆರೆಯದೆ.
ಜೆಟ್ಟಿನ ತೂತಿಗೆ ಕ್ಲಚ್ ವೈರಿನ ಒಂದೇ ಎಳೆ ತೂರಿಸಿ
ಊದಿದೆ. ತುಟಿಗೆ ಹಳೆಯ ರುಚಿ.
ಹದಿನಾಲ್ಕು ವರ್ಷ; ಹೆಂಡತಿ ಫೋನಿನಲ್ಲೇ ಈ ವಾಸನೆ ಹಿಡಿಯುತ್ತಾಳೆ.

ಕಿಡಿ: ಮಸಿ ಹಿಡಿದ ಪ್ಲಗ್ಗು, ಉಜ್ಜಿದೆ.
ಗೇಜು ಕಳೆದು ವರ್ಷವಾಯಿತು,
ಹ್ಯಾಕ್ಸಾ ಬ್ಲೇಡಿನ ದಪ್ಪವೇ ನನ್ನ ಅಳತೆ.
ಕಬ್ಬಿಣಕ್ಕೆ ತಾಗಿಸಿ ಹಗ್ಗ ಎಳೆದರೆ
ನೀಲಿಯಾಗಿ, ಚಿಟ್ ಚಿಟ್.

ಎಲ್ಲ ಜೋಡಿಸಿ ಮತ್ತೆ ಎಳೆದೆ.
ಹಗ್ಗ ನನ್ನನ್ನೇ ಎಳೆಯಿತು.
ಹಿಡಿ ಕಿತ್ತುಕೊಂಡು ಹೋಗಿ
ಗೆಣ್ಣು ಕೇಸಿಂಗಿಗೆ ಬಡಿದು ರಕ್ತ.
ಮೊಫಿಜುಲ್ ನೆಲ ನೋಡಿದ.
ಇಂಜಿನ್ನಿಗಿಂತ ಮೊದಲು ನಾನು ಓದಿದ್ದು ಅದನ್ನು.

“ಮೂರೂ ಖರೇ ಹೇಳಿದ್ರ ವ್ಯಾಳ್ಯಾ ನೋಡು.
ಕಿಡಿ ಬಂದ್ರ ಸಾಲದು, ಬರೋ ಹೊತ್ತಿಗೇ ಬರಬೇಕು.”
ಮೇಲಿನ ಮುಚ್ಚಳ, ನಟ್ಟು, ಸುತ್ತಿಗೆಯ ಒಂದು ಮೆತ್ತನೆ ಪೆಟ್ಟು,
ಫ್ಲೈವೀಲು ಎದ್ದು ಬಂತು.
ಅಲ್ಲಿತ್ತು ಚಾವಿ:
ಹುಣಸೆಬೀಜಕ್ಕಿಂತ ಸಣ್ಣ ಲೋಹದ ಚೂರು,
ನಡು ಕತ್ತರಿಸಿ ಒಂದು ಕೂದಲೆಳೆ ಪಕ್ಕಕ್ಕೆ ಜರುಗಿ.
ದೊಡ್ಡದು ಉಳಿಯಲೆಂದು
ತಾನು ಮುರಿಯುವುದಕ್ಕೇ ಮಾಡಿಟ್ಟದ್ದು.
ಬ್ಲೇಡು ಗಟ್ಟಿಯಾದ ಏನಕ್ಕಾದರೂ ಬಡಿಯದೆ
ಅದು ಮುರಿಯುವುದಿಲ್ಲ.

ನಾನು ಕೇಳಲಿಲ್ಲ. ಅವನೇ ಹೇಳಿದ.
ಕಾರ್ನಿಶಿನ ಬಳಿ, ನಸುಕಿನಲ್ಲಿ, ಹುಲ್ಲೊಳಗೆ ಅಡಗಿದ್ದ
ಸ್ಪ್ರಿಂಕ್ಲರಿನ ಹಿತ್ತಾಳೆ ತಲೆ.
ಅದನ್ನು ಕಿತ್ತು ಖರ್ಜೂರದ ಬುಡದಲ್ಲಿ ಹೂತಿದ್ದಾನಂತೆ.
ಫೋರ್‌ಮನ್ ಕುರ್ಯಾಕೋಸ್‌ಗೆ ತಿಳಿದರೆ ಹದಿನೈದು ರಿಯಾಲ್ ಕಟ್.
ಹೋದ ತಿಂಗಳೂ ಕಟ್ಟಾಗಿತ್ತು,
ಕ್ಯಾಂಪಿನಲ್ಲಿ ಯಾರೋ ಕದ್ದ ಬೂಟಿಗೆ.

ಸತ್ತು ಮೂಲೆ ಸೇರಿದ ಐದನೇ ನಂಬರಿನಿಂದ
ಚಾವಿ ಕಳಚಿ ಇದಕ್ಕೆ ಕೂರಿಸಿದೆ.
ಒಂದೇ ಎಳೆತ.
ಈಗ ಅದು ಊರ ಹಿಟ್ಟಿನ ಗಿರಣಿಯಂತೆ ಒಂದೇ ಸಮ.

ಜಾಬ್ ಕಾರ್ಡಿನಲ್ಲಿ ‘ಕಾರಣ’ ಎಂಬಲ್ಲಿ ಪೆನ್ನು ನಿಂತಿತು.
ಗಾಳಿ, ಎಣ್ಣೆ, ಕಿಡಿ ಯಾವುದೂ ಹೇಳದ ಸುಳ್ಳನ್ನು
ನಾನು ಹೇಳಿದೆ: ‘ಸವಕಳಿ’.
ಹೊತ್ತಿಗೆ ಸರಿಯಾಗಿಯೇ ಹೇಳಿದೆ, ದಾವಲಸಾಬ.

ಮೂರೂವರೆ. ಅವನು ತಳ್ಳಿಕೊಂಡು ಹೋದ.
ಕೈಗೆ ಬಟ್ಟೆ ಸುತ್ತಿ ಶೆಡ್ಡಿನ ನೆರಳಲ್ಲಿ ಕೂತು
ದೂರದ ಸದ್ದಿಗೆ ಕಿವಿಯಿಟ್ಟೆ.
ನಡುವೆ ಒಮ್ಮೆ ತಗ್ಗಿತು. ಎದ್ದು ನಿಂತೆ.
ಮತ್ತೆ ಏರಿತು.
ಆ ಖರ್ಜೂರದ ಬುಡ ಬಂದಿರಬೇಕು,
ಸುತ್ತುಹಾಕಿ ಹೋಗಿರಬೇಕು.